ಎಲ್ ತಾತಿಯೋ ಬಿಸಿನೀರಿನ ಚಿಲುಮೆಗಳು: ಹೋಗುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ಚಿಲಿ ದೇಶದ ಉತ್ತರದಲ್ಲಿ, ಬೊಲಿವಿಯಾ ಗಡಿಯ ಹತ್ತಿರ, ಆಂಡಿಸ್ ಬೆಟ್ಟಗಳ ಮೇಲೆ ಸುಮಾರು 4,300 ಮೀಟರ್ ಎತ್ತರದಲ್ಲಿ ಎಲ್ ತಾತಿಯೋ ಇದೆ. ನಾನು ಅಲ್ಲಿಗೆ ಒಂದೇ ವಾರದಲ್ಲಿ ಎರಡು ಸಲ ಹೋದೆ. ಅಷ್ಟೊಂದು ಇಷ್ಟವಾಯಿತು ಅಂತಲ್ಲ, ಮೊದಲ ಸಲ ಏನೂ ನೋಡಲಾಗಲಿಲ್ಲ. ಆ ಕತೆ ಮುಂದೆ ಬರುತ್ತದೆ. ಊರಿಗೆ ಬಂದ ಮೇಲೆ ನೆಂಟರು, ಗೆಳೆಯರು ಕೇಳಿದ್ದನ್ನೇ ಕೇಳುತ್ತಿದ್ದರು. ಅವರ ಪ್ರಶ್ನೆಗಳೂ ನನ್ನ ಉತ್ತರಗಳೂ ಇಲ್ಲಿವೆ.

ಗೀಸರ್ ನೋಡೋಕೆ ಅಷ್ಟು ದೂರ ಯಾಕೆ? ನಮ್ಮ ಬಚ್ಚಲಮನೆಯಲ್ಲೇ ಇದೆಯಲ್ಲ!

ಇದನ್ನು ಕೇಳದ ನೆಂಟರೇ ಇಲ್ಲ. ಐಸ್‌ಲೆಂಡ್‌ನಲ್ಲಿ ಗೇಸಿರ್ ಎಂಬ ಒಂದು ಚಿಲುಮೆ ಇದೆ. ಭೂಮಿಯೊಳಗಿಂದ ಕುದಿನೀರು ಚಿಮ್ಮುವ ಜಾಗಕ್ಕೆಲ್ಲ ಅದರ ಹೆಸರೇ ನಿಂತುಹೋಯಿತು. ಆಮೇಲೆ ಅದೇ ಹೆಸರು ಸ್ನಾನದ ನೀರು ಕಾಯಿಸುವ ಡಬ್ಬಕ್ಕೂ ಬಂತು. ಗೊಂದಲ ಬೇಡ ಅಂತ ನಾನಿಲ್ಲಿ ಚಿಲುಮೆ ಎಂದೇ ಬರೆಯುತ್ತೇನೆ.

ಬುಗ್ಗೆಗೂ ಚಿಲುಮೆಗೂ ಒಂದು ವ್ಯತ್ಯಾಸ ಇದೆ. ಬುಗ್ಗೆಯಲ್ಲಿ ಬಿಸಿನೀರು ಸುಮ್ನೆ ಉಕ್ಕುತ್ತಾ ಹರಿಯುತ್ತದೆ. ಚಿಲುಮೆ ಹಾಗಲ್ಲ. ಸ್ವಲ್ಪ ಹೊತ್ತು ಸದ್ದಿಲ್ಲದೆ ಇರುತ್ತದೆ, ಆಮೇಲೆ ಚಿಮ್ಮುತ್ತದೆ, ಮತ್ತೆ ಸುಮ್ಮನಾಗುತ್ತದೆ. ಜಗತ್ತಿನಲ್ಲಿ ಬಿಸಿನೀರಿನ ಬುಗ್ಗೆಗಳು ಬೇಕಾದಷ್ಟಿವೆ, ಚಿಲುಮೆಗಳು ಬಹಳ ಕಡಿಮೆ.

ಎಲ್ ತಾತಿಯೋದ ವಿಶೇಷ ಏನು?

80ಕ್ಕೂ ಹೆಚ್ಚು ಚಿಲುಮೆಗಳು ಒಂದೇ ಬಯಲಲ್ಲಿವೆ. ಅಮೆರಿಕದ ಯೆಲ್ಲೋಸ್ಟೋನ್ ಮತ್ತು ರಷ್ಯಾದ ಕಮ್ಚಾಟ್ಕಾ ಕಣಿವೆ ಬಿಟ್ಟರೆ ಇದೇ ದೊಡ್ಡದು. ಭೂಮಧ್ಯರೇಖೆಯ ದಕ್ಷಿಣಕ್ಕಂತೂ ಇದೇ ಮೊದಲು. ಜೊತೆಗೆ ಎತ್ತರ. ನಮ್ಮ ಮುಳ್ಳಯ್ಯನಗಿರಿ 1,900 ಮೀಟರ್ ಚಿಲ್ಲರೆ. ಅದರ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಎಲ್ ತಾತಿಯೋ ಮುಟ್ಟುವುದಿಲ್ಲ.

ಅಲ್ಲಿ ಮೊದಲಿಂದ ಇರುವವರು ಲಿಕನಂತಾಯ್ ಜನ. ಅವರ ಕುನ್ಸಾ ಭಾಷೆಯನ್ನು ಈಗ ಮಾತಾಡುವವರಿಲ್ಲ. ತಾತಿಯೋ ಅಂದರೆ ಆ ಭಾಷೆಯಲ್ಲಿ 'ಅಳುವ ಅಜ್ಜ' ಅಂತ ಅಲ್ಲಿನ ಗೈಡ್‌ಗಳು ಹೇಳುತ್ತಾರೆ. 'ಒಲೆ' ಎಂಬ ಅರ್ಥದ ಮಾತು ಅಂತ ಹೇಳುವವರೂ ಇದ್ದಾರೆ. 'ತಾತ' ಅಂತ ಕಿವಿಗೆ ಬಿದ್ದ ಮೇಲೆ ಕನ್ನಡದವರಿಗೆ ಮೊದಲನೆಯದೇ ಇಷ್ಟವಾಗುತ್ತದೆ, ಅಲ್ವಾ?

ನೀರು ಎಷ್ಟು ಎತ್ತರಕ್ಕೆ ಚಿಮ್ಮುತ್ತದೆ?

ಇಲ್ಲಿ ನಿರಾಸೆಯಾಗುವವರು ಜಾಸ್ತಿ. ಯೆಲ್ಲೋಸ್ಟೋನ್‌ನ ಓಲ್ಡ್ ಫೇತ್‌ಫುಲ್ 30 ಮೀಟರ್ ದಾಟಿ ಹಾರುತ್ತದೆ. ಅದರ ವಿಡಿಯೋ ನೋಡಿಕೊಂಡು ಇಲ್ಲಿಗೆ ಬರಬೇಡಿ. ಎಲ್ ತಾತಿಯೋದಲ್ಲಿ ಸರಾಸರಿ ಚಿಮ್ಮು ಮುಕ್ಕಾಲು ಮೀಟರ್, ಅಂದರೆ ಸೊಂಟದೊಳಗೆ. ತೀರಾ ದೊಡ್ಡದಕ್ಕೆ ಐದಾರು ಮೀಟರ್. ಫೋಟೋಗಳಲ್ಲಿ ಆಕಾಶಕ್ಕೆ ಏರಿದ ಬಿಳಿ ಕಂಬಗಳು ಕಾಣುತ್ತವಲ್ಲ, ಅವು ನೀರಲ್ಲ, ಹಬೆ.

ನೋಡಬೇಕಾದದ್ದು ಎತ್ತರವನ್ನಲ್ಲ. ಒಂದು ಚಿಲುಮೆಯ ಮುಂದೆ ಹತ್ತು ನಿಮಿಷ ನಿಂತುಬಿಡಿ. ಕೆಲವು ಗಡಿಯಾರ ಇಟ್ಟ ಹಾಗೆ ನಡೆಯುತ್ತವೆ. 'ಎಲ್ ಹೆಫೆ', ಅಂದರೆ ಯಜಮಾನ, ಎಂಬ ಚಿಲುಮೆಯನ್ನು ವಿಜ್ಞಾನಿಗಳು ದಿನಗಟ್ಟಲೆ ಅಳೆದಿದ್ದಾರೆ. ಸುಮಾರು 132 ಸೆಕೆಂಡಿಗೊಂದು ಸಲ ಚಿಮ್ಮುತ್ತಿತ್ತು. ಹಗಲು ರಾತ್ರಿಯ ಚಳಿ ಬಿಸಿಲಿಗೆ ಅದರ ಲೆಕ್ಕ ತಪ್ಪಲಿಲ್ಲ. ಮೊದಲು ಗುಟುಗುಟು ಸದ್ದು, ಆಮೇಲೆ ಬಾಯಂಚಿಗೆ ನೀರು ತುಂಬುವುದು, ನಂತರ ಒಮ್ಮೆಲೇ ಉಕ್ಕು, ಕೊನೆಗೆ ನೀರು ಒಳಕ್ಕೆ ಜಾರುವ ಸದ್ದು. ಎರಡು ಮೂರು ಸುತ್ತು ಕೇಳಿದರೆ ಯಾವಾಗ ಚಿಮ್ಮುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಚಿಮ್ಮುವುದು ಹೇಗೆ?

ಅಡುಗೆಮನೆಯಿಂದ ಶುರು ಮಾಡೋಣ. ಕುಕ್ಕರ್ ಒಳಗೆ ಒತ್ತಡ ಜಾಸ್ತಿ. ಹಾಗಾಗಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಅವಸರಕ್ಕೆ ವೆಯ್ಟ್ ಎತ್ತಿಬಿಟ್ಟರೆ? ಒತ್ತಡ ಒಮ್ಮೆಲೇ ಇಳಿಯುತ್ತದೆ, ತಡೆದುಕೊಂಡಿದ್ದ ನೀರು ತಟ್ಟನೆ ಆವಿಯಾಗುತ್ತದೆ, ಬೇಳೆ ಸೂರಿಗೆ ಹಾರುತ್ತದೆ.

ನೆಲದಡಿಯಲ್ಲೂ ಇದೇ ಆಟ. ಈ ಭಾಗದಲ್ಲಿ ಲಕ್ಷಾಂತರ ವರ್ಷಗಳಿಂದ ಜ್ವಾಲಾಮುಖಿಗಳು ಉಕ್ಕುತ್ತಾ ಬಂದಿವೆ, ಆಳದಲ್ಲಿ ಇನ್ನೂ ಕಾವು ಇದೆ. ಸುತ್ತಲ ಎತ್ತರದ ಬೆಟ್ಟಗಳಲ್ಲಿ ಬಿದ್ದ ಮಳೆ, ಹಿಮ ಭೂಮಿಗಿಳಿದು ಬಿಸಿಯಾಗಿ ಮೇಲೆ ಬರುತ್ತದೆ. ದಾರಿ ಅಗಲವಾಗಿದ್ದರೆ ಅದು ಬರೀ ಬುಗ್ಗೆ. ಕೊಳವೆ ಇಕ್ಕಟ್ಟಾಗಿದ್ದರೆ ಕೆಳಗಿನ ನೀರಿನ ಮೇಲೆ ಮೇಲಿನ ನೀರಿನ ಭಾರ ಕೂರುತ್ತದೆ. ಗುಳ್ಳೆಗಳು ಮೇಲಿನ ಸ್ವಲ್ಪ ನೀರನ್ನು ಹೊರಗೆ ತಳ್ಳಿದ ಕ್ಷಣ ವೆಯ್ಟ್ ಎತ್ತಿದ ಹಾಗಾಗುತ್ತದೆ.

ಎತ್ತರದಲ್ಲಿ ಇನ್ನೊಂದು ತಮಾಷೆ ಇದೆ. ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ರಷ್ಟು ಮಾತ್ರ. ಹಾಗಾಗಿ ನೀರು 86 ಡಿಗ್ರಿಗೇ ಕುದಿಯುತ್ತದೆ. ಬೆಂಗಳೂರಲ್ಲಿ ಅದು ಸುಮಾರು 97. ಕುಕ್ಕರ್ ಇಲ್ಲದೆ ಅಲ್ಲಿ ತೊಗರಿಬೇಳೆ ಇಟ್ಟರೆ ಮಧ್ಯಾಹ್ನದ ಸಾರು ರಾತ್ರಿಗೆ ಆದೀತು. ಆದರೆ 86 ಡಿಗ್ರಿ ಅಂದರೆ ಕಡಿಮೆ ಅಂದುಕೊಳ್ಳಬೇಡಿ. ಚರ್ಮಕ್ಕೆ ಎರಡೂ ಒಂದೇ.

ನಸುಕಿನ ನಾಲ್ಕು ಗಂಟೆಗೇ ಏಳಬೇಕಾ?

ಹಬೆ ಬೇಕಿದ್ದರೆ ಏಳಬೇಕು. ಸ್ಯಾನ್ ಪೆಡ್ರೊ ದೆ ಅಟಕಾಮಾ ಎಂಬ ಊರಿನಿಂದ ಸುಮಾರು 90 ಕಿಲೋಮೀಟರ್, ಒಂದೂವರೆಯಿಂದ ಎರಡು ಗಂಟೆ ದಾರಿ. ಟೂರಿನ ವ್ಯಾನುಗಳು ನಾಲ್ಕೂವರೆ ಐದಕ್ಕೆ ಬಂದು ಹೋಟೆಲ್ ಬಾಗಿಲು ತಟ್ಟುತ್ತವೆ.

ಚಿಲುಮೆಗಳು ದಿನವಿಡೀ ಚಿಮ್ಮುತ್ತಲೇ ಇರುತ್ತವೆ. ಆದರೆ ಹಬೆ ಕಣ್ಣಿಗೆ ಕಾಣಬೇಕಾದರೆ ಗಾಳಿ ಕೊರೆಯುತ್ತಿರಬೇಕು. ಮಲೆನಾಡಿನ ಬಚ್ಚಲಲ್ಲಿ ಡಿಸೆಂಬರ್ ಬೆಳಗ್ಗೆ ಹಂಡೆಯ ಮುಚ್ಚಳ ತೆಗೆದರೆ ಎದುರಿಗಿದ್ದವರೇ ಕಾಣುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಅದೇ ಹಂಡೆಯಿಂದ ಏನೂ ಏಳುವುದಿಲ್ಲ. ಇಲ್ಲೂ ಹಾಗೆಯೇ. ಬಿಸಿಲೇರಿದ ಹಾಗೆ ಕಂಬಗಳು ಕರಗಿಹೋಗುತ್ತವೆ.

ಒಂದು ಮಾತು ಮಾತ್ರ ಹೇಳಲೇಬೇಕು. ಹೆಚ್ಚಿನ ವ್ಯಾನುಗಳು ತಿಂಡಿ ಮುಗಿಸಿ ಎಂಟೂವರೆ ಒಂಬತ್ತಕ್ಕೆಲ್ಲ ಹೊರಟುಬಿಡುತ್ತವೆ. ಎರಡನೇ ಸಲ ನಾವು ಬೇರೆ ಗಾಡಿ ಮಾಡಿಕೊಂಡಿದ್ದೆವು, ಅವಸರ ಇರಲಿಲ್ಲ. ಜನ ಖಾಲಿಯಾದ ಮೇಲೆ ಸದ್ದು ಕೇಳಿಸಿತು. ಹಬೆ ಇದ್ದಾಗ ಕಾಣದ ಬಣ್ಣಗಳು ಕಂಡವು. ಬಿಸಿನೀರು ಹರಿಯುವ ಕಾಲುವೆಯ ಅಂಚಲ್ಲಿ ಕಿತ್ತಳೆ, ಹಸಿರು, ಕಂದು ಪದರ. ಅದು ಬಣ್ಣದ ಮಣ್ಣಲ್ಲ, ಸೂಕ್ಷ್ಮಜೀವಿಗಳ ಚಾಪೆ. ನನ್ನನ್ನು ಕೇಳಿದರೆ ಎಲ್ ತಾತಿಯೋ ನಿಜವಾಗಿ ಶುರುವಾಗುವುದು ಒಂಬತ್ತಕ್ಕೇ.

ಎತ್ತರಕ್ಕೆ ತಲೆಸುತ್ತು ಬರುತ್ತದಾ? ನಾನು ದಿನಾ ವಾಕಿಂಗ್ ಮಾಡ್ತೀನಿ.

ವಾಕಿಂಗಿಗೂ ಇದಕ್ಕೂ ಸಂಬಂಧ ಇಲ್ಲ. ಗಟ್ಟಿಮುಟ್ಟಾದ ಹುಡುಗರು ಮಲಗಿಬಿಡುತ್ತಾರೆ, ಅರವತ್ತರ ಅತ್ತೆಯರು ಆರಾಮಾಗಿ ಓಡಾಡುತ್ತಾರೆ. ಯಾರಿಗೆ ಬರುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ. ಎಷ್ಟು ಬೇಗ ಎಷ್ಟು ಮೇಲೆ ಹೋದಿರಿ ಎಂಬುದೇ ಮುಖ್ಯ.

ಈಗ ನನ್ನ ಕತೆ. ಬೆಂಗಳೂರಿಂದ ಎರಡು ದಿನ ವಿಮಾನದಲ್ಲಿ ಕೂತು, ನಿದ್ದೆಗೆಟ್ಟು, ಸ್ಯಾನ್ ಪೆಡ್ರೊ ತಲುಪಿದ್ದೆ. ಆ ಊರೇ 2,400 ಮೀಟರ್. ಮರುದಿನ ನಸುಕಿಗೇ ಟೂರ್ ಬುಕ್ ಮಾಡಿದ್ದೆ, ಒಂದು ದಿನ ಉಳಿಸೋಣ ಅಂತ. ಅಕ್ಕ 'ಬೇಡ ಕಣೋ, ಎರಡು ದಿನ ಇಲ್ಲೇ ಅಡ್ಡಾಡೋಣ' ಅಂದಳು. ನಾನು ಕೇಳಲಿಲ್ಲ. ಎರಡು ಗಂಟೆಯಲ್ಲಿ 1,900 ಮೀಟರ್ ಏರಿದೆ. ವ್ಯಾನಿಂದ ಇಳಿದು ಇಪ್ಪತ್ತು ಹೆಜ್ಜೆ ಇಟ್ಟೆನೋ ಇಲ್ಲವೋ, ತಲೆಗೆ ಹಗ್ಗ ಬಿಗಿದ ಹಾಗಾಯಿತು. ಆಮೇಲೆ ವಾಂತಿ. ಎಲ್ಲರೂ ಚಿಲುಮೆ ನೋಡುವಾಗ ನಾನು ವ್ಯಾನಿನ ಸೀಟಿನ ಹಿಂಭಾಗ ನೋಡುತ್ತಾ ಕೂತಿದ್ದೆ. ಅಕ್ಕ ಭಾವ ಊರಲ್ಲೇ ಉಳಿದು ನಿದ್ದೆ ಮಾಡಿದರು. ಆರನೇ ದಿನ ಮೂವರೂ ಹೋದೆವು. ಸ್ವಲ್ಪ ಏದುಸಿರು ಬಿಟ್ಟರೆ ಏನೂ ಆಗಲಿಲ್ಲ.

ಅದಕ್ಕೇ ಹೇಳುವುದು: ಎಲ್ ತಾತಿಯೋವನ್ನು ಪ್ರವಾಸದ ಕೊನೆಯ ದಿನಕ್ಕೆ ಇಡಿ. ಮೊದಲು ಊರಿನ ಸುತ್ತಲಿನ ಚಂದ್ರ ಕಣಿವೆ, ಉಪ್ಪಿನ ಬಯಲು ನೋಡಿ. ಹಿಂದಿನ ರಾತ್ರಿ ಊಟ ಹಗುರವಾಗಿರಲಿ, ಮದ್ಯ ಬೇಡ. ನೀರು ಕುಡಿಯುತ್ತಿರಿ. ಮೇಲೆ ಹೋದಮೇಲೆ ಮದುವಣಗಿತ್ತಿ ನಡಿಗೆ ನಡೆಯಿರಿ. ಫೋಟೋಗೆ ಅಂತ ಓಡಬೇಡಿ, ಎಗರಬೇಡಿ.

ತಲೆನೋವು ಜಾಸ್ತಿಯಾಗುತ್ತಾ ಹೋದರೆ, ನಡೆಯುವಾಗ ಕಾಲು ಅಡ್ಡಡ್ಡ ಬಿದ್ದರೆ, ಮಾತು ತಡವರಿಸಿದರೆ, ಸುಮ್ಮನೆ ಕೂತಾಗಲೂ ಉಸಿರು ಸಾಲದಿದ್ದರೆ ತಕ್ಷಣ ಕೆಳಗಿಳಿಯಬೇಕು. ಗೈಡಿಗೆ ತೊಂದರೆಯಾಗುತ್ತದೆ ಅಂತ ಸಂಕೋಚ ಪಡಬೇಡಿ. ಇದಕ್ಕೆ ನಿಜವಾದ ಮದ್ದು ಇಳಿಯುವುದೇ. ಮುಂಚಿತವಾಗಿ ತೆಗೆದುಕೊಳ್ಳುವ ಅಸೆಟಜೋಲಮೈಡ್ ಮಾತ್ರೆ ಇದೆ. ಆದರೆ ಅದು ಎಲ್ಲರಿಗೂ ಆಗುವುದಿಲ್ಲ, ನಿಮ್ಮ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಬಿಪಿ ಇದ್ದವರು, ಗರ್ಭಿಣಿಯರು, ಮಕ್ಕಳು?

ಹೃದಯ, ಶ್ವಾಸಕೋಶದ ತೊಂದರೆ ಇದ್ದವರು, ಬಿಪಿ ಹಿಡಿತದಲ್ಲಿ ಇಲ್ಲದವರು, ಗರ್ಭಿಣಿಯರು ಡಾಕ್ಟರ್ ಹೂಂ ಅನ್ನದೆ ಹೋಗಬಾರದು. ತೀರಾ ಚಿಕ್ಕ ಮಕ್ಕಳಿಗೆ ತಲೆನೋವು ಬಂದರೂ ಹೇಳಲು ಗೊತ್ತಾಗುವುದಿಲ್ಲ. ಅವರನ್ನು ಕರೆದೊಯ್ಯಬೇಡಿ ಎಂಬುದು ನನ್ನ ಅಭಿಪ್ರಾಯ.

ಅಲ್ಲಿ ಕೋಕಾ ಎಲೆ ಕೊಡ್ತಾರಂತೆ?

ಹೌದು, ಆಂಡಿಸ್ ಜನ ಇದನ್ನು ನಾವು ವೀಳ್ಯದೆಲೆ ಹಾಕಿಕೊಂಡ ಹಾಗೆ ದವಡೆಯಲ್ಲಿ ಇಟ್ಟುಕೊಳ್ಳುತ್ತಾರೆ, ಕಷಾಯವನ್ನೂ ಮಾಡುತ್ತಾರೆ. ಚಾಚಕೋಮಾ ಎಂಬ ಬೆಟ್ಟದ ಗಿಡದ ಕಷಾಯವೂ ಸಿಗುತ್ತದೆ. ಕುಡಿದರೆ ಹಿತ ಅನಿಸುತ್ತದೆ. ಅದನ್ನೇ ನಂಬಿ ಮೊದಲ ದಿನವೇ ಹತ್ತಬೇಡಿ. ಇನ್ನೊಂದು ವಿಷಯ: ಕೋಕಾ ಎಲೆ ಭಾರತದ ಕಾನೂನಿನಲ್ಲಿ ಮಾದಕವಸ್ತು. ನೆನಪಿಗೆ ಅಂತ ಒಂದು ಪೊಟ್ಟಣ ಬ್ಯಾಗಿಗೆ ಹಾಕಿಕೊಂಡರೂ ವಿಮಾನ ನಿಲ್ದಾಣದಲ್ಲಿ ಪಡಬಾರದ ಪಾಡು ಪಡುತ್ತೀರಿ.

ಚಳಿ ಎಷ್ಟಿರುತ್ತದೆ? ಏನು ಹಾಕಿಕೊಳ್ಳಬೇಕು?

ಜೂನ್ ಜುಲೈ ಅಲ್ಲಿ ಚಳಿಗಾಲ. ನಸುಕಿನಲ್ಲಿ ಸೊನ್ನೆಗಿಂತ 10ರಿಂದ 15 ಡಿಗ್ರಿ ಕೆಳಗೆ ಇಳಿಯುವುದು ಮಾಮೂಲು, ಒಮ್ಮೊಮ್ಮೆ ಇನ್ನೂ ಕೆಳಗೆ. ಹತ್ತು ಗಂಟೆಗೆಲ್ಲ ಜಾಕೆಟ್ ಬಿಚ್ಚುವಷ್ಟು ಬಿಸಿಲು. ಹಾಗಾಗಿ ಒಂದು ದಪ್ಪ ಕೋಟಿಗಿಂತ ಪದರ ಪದರವಾಗಿ ಹಾಕಿಕೊಳ್ಳುವುದು ಮೇಲು. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಕೈಗವಸು, ಉಣ್ಣೆ ಕಾಲುಚೀಲ ಬೇಕೇ ಬೇಕು. ಭಾವನ ಮಂಕಿ ಟೋಪಿ ನೋಡಿ ನಾನು ನಕ್ಕಿದ್ದೆ. ಅಲ್ಲಿ ಹೋದ ಮೇಲೆ ಅದನ್ನು ಸಾಲ ಕೇಳಿದೆ.

ಬಿಸಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಳಿ ತೆಳು, ಮೋಡ ಇಲ್ಲ, ಚಳಿಯಲ್ಲೇ ಮುಖ ಸುಡುತ್ತದೆ. ಸನ್‌ಸ್ಕ್ರೀನ್, ತಂಪು ಕನ್ನಡಕ, ತುಟಿಗೆ ಮುಲಾಮು ಇರಲಿ. ಫೋನಿನ ಬ್ಯಾಟರಿ ಚಳಿಗೆ ಬೇಗ ಸಾಯುತ್ತದೆ, ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಹಬೆಯ ಹನಿ ಲೆನ್ಸ್ ಮೇಲೆ ಒಣಗಿದರೆ ಖನಿಜದ ಕಲೆ ಕೂರುತ್ತದೆ, ಆಗಿಂದಾಗಲೇ ಒರೆಸಿ.

ಅಪಾಯ ಏನಾದರೂ ಇದೆಯಾ?

ಇದೆ. ಕುದಿನೀರಿಗೆ ಬಿದ್ದು ಪ್ರವಾಸಿಗರು ಸತ್ತಿದ್ದಾರೆ. ಚಿಲುಮೆಯ ಸುತ್ತಲಿನ ಬೂದುಬಿಳಿ ನೆಲ ಕಲ್ಲಿನ ಹಾಗೆ ಕಾಣುತ್ತದೆ. ಅದು ನೀರಿನಲ್ಲಿ ಕರಗಿದ್ದ ಸಿಲಿಕಾ ಎಂಬ ಖನಿಜ ತಣ್ಣಗಾಗಿ ಕಟ್ಟಿದ ಹಕ್ಕಳೆ. ಕೆಲವು ಕಡೆ ಗಟ್ಟಿ, ಕೆಲವು ಕಡೆ ಹಪ್ಪಳ. ಯಾವುದು ಯಾವುದು ಅಂತ ನೋಡಿ ಹೇಳಲಾಗದು. ಮಂಜುಗಟ್ಟಿ ಜಾರುತ್ತದೆ, ಹಬೆ ಕಣ್ಣಿಗೆ ಅಡ್ಡ ಬರುತ್ತದೆ, ಎತ್ತರಕ್ಕೆ ತಲೆ ಬೇರೆ ಮಂದವಾಗಿರುತ್ತದೆ. ಕಲ್ಲು ಜೋಡಿಸಿ ಗುರುತು ಮಾಡಿದ ದಾರಿ ಬಿಡಬೇಡಿ. ಸೆಲ್ಫಿ ತೆಗೆಯುತ್ತಾ ಹಿಂದೆ ಹಿಂದೆ ಹೆಜ್ಜೆ ಇಡುವುದಂತೂ ಬೇಡವೇ ಬೇಡ.

ಆ ಹಕ್ಕಳೆಗೆ ಇನ್ನೊಂದು ಕತೆ ಇದೆ. ಮಂಗಳ ಗ್ರಹದಲ್ಲಿ ಸ್ಪಿರಿಟ್ ಎಂಬ ನಾಸಾದ ಗಾಡಿ 2007ರಲ್ಲಿ ಸಿಲಿಕಾ ರಾಶಿ ಕಂಡಿತು. ಬೆರಳು ಬೆರಳಾಗಿ ಎದ್ದ ಅದರ ಆಕಾರ ಎಲ್ ತಾತಿಯೋದಲ್ಲಿ ಕಟ್ಟಿದ ಸಿಲಿಕಾವನ್ನೇ ಹೋಲುತ್ತದೆ ಅಂತ 2016ರಲ್ಲಿ ಇಬ್ಬರು ವಿಜ್ಞಾನಿಗಳು ತೋರಿಸಿದರು. ಇಲ್ಲಿ ಆ ಆಕಾರ ಬರುವುದರಲ್ಲಿ ಸೂಕ್ಷ್ಮಜೀವಿಗಳ ಕೈ ಇದೆ. ಹಾಗಾದರೆ ಅಲ್ಲಿ? ಆ ಪ್ರಶ್ನೆ ಇನ್ನೂ ತೆರೆದೇ ಇದೆ. ಕಾಲಿಟ್ಟು ಮುರಿಯಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಸ್ನಾನ ಮಾಡಬಹುದಾ? ತೀರ್ಥದ ಹಾಗೆ ಒಂದು ಗುಟುಕು?

ಗುಟುಕು ಖಂಡಿತ ಬೇಡ. ಈ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆ, ಲೀಟರಿಗೆ 30 ಮಿಲಿಗ್ರಾಂ ದಾಟುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ 0.01 ಮಿಲಿಗ್ರಾಂ. ಅಂದರೆ ಮೂರು ಸಾವಿರ ಪಟ್ಟು. ಹಿಂದೆ ಗೈಡ್‌ಗಳು ಮೊಟ್ಟೆ, ಹಾಲಿನ ಪೊಟ್ಟಣವನ್ನು ಬಿಸಿನೀರಲ್ಲಿಟ್ಟು ಕಾಯಿಸಿ ತೋರಿಸುತ್ತಿದ್ದರು. ನೋಡಲು ಚೆಂದ, ತಿನ್ನಲು ನನಗಂತೂ ಧೈರ್ಯ ಸಾಲದು.

ಈ ಬೆಟ್ಟಗಳ ನೀರು ಎಷ್ಟು ಕೆಟ್ಟದ್ದು ಅನ್ನುವುದನ್ನು ಆಂಟೊಫಗಾಸ್ತಾ ನಗರದ ಜನ ಅನುಭವಿಸಿ ತಿಳಿದರು. ಮರುಭೂಮಿಯ ಆ ಊರಿಗೆ 1958ರಲ್ಲಿ ಇಲ್ಲಿನ ತೊಕೊನ್ಸೆ ಹೊಳೆಯಿಂದ ಕುಡಿಯುವ ನೀರು ತಂದರು. ಅದರಲ್ಲೂ ಆರ್ಸೆನಿಕ್ ಇತ್ತು. 1970ರಲ್ಲಿ ಶುದ್ಧೀಕರಣ ಘಟಕ ಬರುವವರೆಗೆ ಜನ ಅದನ್ನೇ ಕುಡಿದರು. ನಂತರ ಹತ್ತಾರು ವರ್ಷ ಅಲ್ಲಿ ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಜಾಸ್ತಿ ಕಂಡುಬಂತು.

ಸ್ನಾನಕ್ಕೆ ಒಂದು ಬೆಚ್ಚನೆಯ ಕೊಳ ಇದೆ, ಅದನ್ನು ಮುಚ್ಚಿರುವುದೂ ಉಂಟು. ತೆರೆದಿದ್ದರೂ ನೀರು ಉಗುರುಬೆಚ್ಚಗೆ ಅಷ್ಟೇ. ಇಳಿಯುವುದು ಸುಲಭ, ಒದ್ದೆ ಮೈಯಲ್ಲಿ ಆ ಗಾಳಿಗೆ ಮೇಲೆ ಬರುವುದೇ ಕಷ್ಟ.

ಸಸ್ಯಾಹಾರಿಗಳಿಗೆ ಊಟ?

ಟೂರಿನವರು ಬ್ರೆಡ್, ಚೀಸ್, ಮೊಟ್ಟೆ, ಕಾಫಿ ಕೊಡುತ್ತಾರೆ. ಬುಕ್ ಮಾಡುವಾಗಲೇ ಹೇಳಿಡಿ. 'ಸಿನ್ ಕಾರ್ನೆ' ಅಂದರೆ ಮಾಂಸ ಬೇಡ ಅಂತ, ಆದರೆ ಕೋಳಿ ಅಂದರೆ ಮಾಂಸವೇ ಅಲ್ಲ ಎಂದುಕೊಂಡವರು ಅಲ್ಲಿ ಇದ್ದಾರೆ. 'ಸಿನ್ ಪೊಯ್ಯೊ' ಅಂತಲೂ ಸೇರಿಸಿ. ಊರಿಂದ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಒಯ್ಯುವ ಆಸೆ ಇದ್ದರೆ ಚಿಲಿಯ ಕಸ್ಟಮ್ಸ್ ಫಾರಂನಲ್ಲಿ ಎಲ್ಲವನ್ನೂ ಬರೆಯಿರಿ. ಹಣ್ಣು, ಬೀಜ, ಜೇನು ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಬರೆದರೆ ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ.

ದಾರಿಯಲ್ಲಿ ಏನು ನೋಡಬಹುದು?

ಹೋಗುವಾಗ ಕತ್ತಲೆ, ಬರುವಾಗಲೇ ಎಲ್ಲ. ವಿಕುನ್ಯಾ ಎಂಬ ಪ್ರಾಣಿ ಹಿಂಡು ಹಿಂಡಾಗಿ ಮೇಯುತ್ತಿರುತ್ತದೆ. ಒಂಟೆಯ ದೂರದ ನೆಂಟ, ಜಿಂಕೆಯಷ್ಟು ನಾಜೂಕು. ಕಲ್ಲುಸಂದಿಯಲ್ಲಿ ವಿಸ್ಕಾಚಾ, ಮೊಲದ ಮುಖ, ಉದ್ದ ಬಾಲ, ಯಾವಾಗಲೂ ನಿದ್ದೆಗಣ್ಣು. ಪುತಾನಾ ಎಂಬಲ್ಲಿನ ಜೌಗಿನಲ್ಲಿ ಹಕ್ಕಿಗಳು. ಬಂಡೆಯ ಮೇಲೆ ಹಸಿರು ದಿಂಬು ಹಾಸಿದ ಹಾಗೆ ಕಂಡರೆ ಅದು ಯರೆತಾ ಗಿಡ. ಬಹಳ ನಿಧಾನವಾಗಿ ಬೆಳೆಯುತ್ತದೆ, ಸಾವಿರಾರು ವರ್ಷ ಬದುಕುತ್ತದೆ. ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವವರನ್ನು ನೋಡಿದರೆ ಸಿಟ್ಟು ಬರುತ್ತದೆ. ಮಚೂಕಾ ಎಂಬ ಪುಟ್ಟ ಹಳ್ಳಿಯಲ್ಲಿ ಹುಲ್ಲು ಹೊದಿಸಿದ ಚರ್ಚ್ ಇದೆ, ಬಿಸಿಬಿಸಿ ಚೀಸ್ ಎಂಪನಾದ ಸಿಗುತ್ತದೆ. ನಮ್ಮ ಕರಿಗಡುಬಿಗೆ ಖಾರದ ತಮ್ಮ ಇದ್ದಿದ್ದರೆ ಹೀಗೇ ಇರುತ್ತಿದ್ದ.

ಅಲ್ಲಿ ತುಕ್ಕು ಹಿಡಿದ ಕೊಳವೆ, ಯಂತ್ರಗಳು ಯಾಕಿವೆ?

ಈ ಕಾವಿನಿಂದ ಕರೆಂಟ್ ಮಾಡುವ ಕನಸು ನೂರು ವರ್ಷ ಹಳೆಯದು. 1920ರ ದಶಕದ ಶುರುವಿನಲ್ಲೇ ಇಟಲಿಯ ತಜ್ಞರು ಬಂದು ಕೊರೆದರು. 1969ರಿಂದ 1974ರ ನಡುವೆ ಚಿಲಿ ಸರ್ಕಾರದ ಸಂಸ್ಥೆ 13 ಬಾವಿ ತೋಡಿತು. ಆಮೇಲೆ ಕೆಲಸ ನಿಂತುಹೋಯಿತು. 2009ರ ಸೆಪ್ಟೆಂಬರಿನಲ್ಲಿ ಮತ್ತೊಂದು ಯತ್ನ ನಡೆದಾಗ ಒಂದು ಬಾವಿ ಹಿಡಿತ ತಪ್ಪಿ, ಸುಮಾರು 60 ಮೀಟರ್ ಎತ್ತರದ ಹಬೆಯ ಕಂಬ ವಾರಗಟ್ಟಲೆ ಎದ್ದಿತು. ಸುತ್ತಲಿನ ಹಳ್ಳಿಗಳವರು ಮೊದಲಿಂದಲೂ ಬೇಡ ಅನ್ನುತ್ತಿದ್ದರು. ಆ ಯೋಜನೆ ಅಲ್ಲಿಗೇ ಕೊನೆಯಾಯಿತು. ಈಗ ಜಾಗ ನೋಡಿಕೊಳ್ಳುವುದು ಕಸ್ಪಾನಾ ಮತ್ತು ತೊಕೊನ್ಸೆ ಹಳ್ಳಿಗಳ ಮೂಲನಿವಾಸಿಗಳು. ಪ್ರವೇಶದ ದುಡ್ಡು ಅವರಿಗೆ ಹೋಗುತ್ತದೆ. ಟೂರಿನ ದರದಲ್ಲಿ ಅದು ಎಷ್ಟೋ ಸಲ ಸೇರಿರುವುದಿಲ್ಲ ಎಂಬುದು ಹಲವರಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ, ಚಿಲಿ ಪೆಸೊ ನಗದು ಇಟ್ಟುಕೊಳ್ಳಿ.

ಯಾವ ತಿಂಗಳು ಒಳ್ಳೆಯದು? ಹೇಗೆ ಹೋಗುವುದು?

ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್ ಹಿತ. ಜನವರಿ ಫೆಬ್ರವರಿಯಲ್ಲಿ ಈ ಎತ್ತರದಲ್ಲಿ ಮಳೆ ಬಂದು ರಸ್ತೆ ಮುಚ್ಚುವುದುಂಟು. ಬೆಂಗಳೂರಿಂದ ನೇರ ವಿಮಾನ ಇಲ್ಲ. ಎಲ್ಲಾದರೂ ಬದಲಿಸಿ ಸ್ಯಾಂಟಿಯಾಗೊ, ಅಲ್ಲಿಂದ ಎರಡು ಗಂಟೆ ಹಾರಿ ಕಲಾಮಾ, ಮತ್ತೆ ರಸ್ತೆಯಲ್ಲಿ 100 ಕಿಲೋಮೀಟರ್. ವೀಸಾ ನಿಯಮವನ್ನು ಚಿಲಿ ರಾಯಭಾರ ಕಚೇರಿಯಿಂದಲೇ ತಿಳಿದುಕೊಳ್ಳಿ. ಪಕ್ಕದ ಬೊಲಿವಿಯಾಕ್ಕೂ ಹೋಗುವುದಿದ್ದರೆ ಹಳದಿ ಜ್ವರದ ಲಸಿಕೆ ಕಾರ್ಡ್ ಮರೆಯಬೇಡಿ. ಇಲ್ಲದಿದ್ದರೆ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಕೂರಿಸುತ್ತಾರೆ.

ಅಷ್ಟು ದೂರ ಆಗಲ್ಲ. ಹತ್ತಿರದಲ್ಲಿ ಇಂಥದ್ದು ಇಲ್ವಾ?

ಲಡಾಖ್‌ನ ಪುಗಾ ಕಣಿವೆಗೆ ಹೋಗಿ. ಎತ್ತರ ಸುಮಾರು 4,400 ಮೀಟರ್, ಅಂದರೆ ಎಲ್ ತಾತಿಯೋದಷ್ಟೇ. ಬುಗ್ಗೆಗಳ ನೀರು 84 ಡಿಗ್ರಿವರೆಗೆ ಇದೆ, ಅಲ್ಲಿನ ಕುದಿಬಿಂದುವಿನ ಹತ್ತಿರ ಹತ್ತಿರ. ಗಂಧಕ, ಬೋರಾಕ್ಸ್ ಕಟ್ಟಿದ ನೆಲ, ಚಾಂಗ್ಪಾ ಕುರುಬರ ಕುರಿಮಂದೆ. ಚಿಲುಮೆಗಳ ಸಾಲು ಇಲ್ಲ, ವ್ಯಾನುಗಳ ಸಾಲೂ ಇಲ್ಲ. ಇಲ್ಲೂ ಕರೆಂಟ್ ಮಾಡುವ ಮಾತಿದೆ, ಒಎನ್‌ಜಿಸಿ 2021ರಲ್ಲಿ ಒಪ್ಪಂದ ಮಾಡಿಕೊಂಡಿದೆ. ಗಡಿಗೆ ಹತ್ತಿರವಾದ್ದರಿಂದ ಅನುಮತಿಯ ವಿಷಯ ಲೇಹ್‌ನಲ್ಲಿ ವಿಚಾರಿಸಿ. ಎತ್ತರದ ಬಗ್ಗೆ ಮೇಲೆ ಹೇಳಿದ್ದೆಲ್ಲ ಇಲ್ಲಿಗೂ ಅನ್ವಯ. ಲೇಹ್‌ನಲ್ಲಿ ಎರಡು ಮೂರು ದಿನ ಸುಮ್ನೆ ಇದ್ದು ಆಮೇಲೆ ಹೊರಡಿ.

ಅದೂ ದೂರ ಅನ್ನುವವರಿಗೆ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರುತೀರ್ಥ ಇದೆ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಚಿಮ್ಮುವುದಿಲ್ಲ, ಹಬೆ ಏಳುವುದಿಲ್ಲ, ನೀರು ಮೈ ಬೆಚ್ಚಗಿನಷ್ಟು ಬಿಸಿ. ಮಂಕಿ ಟೋಪಿ ಬೇಕಾಗಿಲ್ಲ.